ಮೊದಲು ಮುಳ್ಳು, ಆಮೇಲೆ ಮಿಕ್ಕಿದ್ದು

ಹೋದ ದಸರಾ ರಜೆಯಲ್ಲಿ ತಂಗಿಯ ಮಗ ಮೈಸೂರಿನಿಂದ ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದ. ಬಟ್ಟೆ ತಂದಿದ್ದಾನೆ ಅಂದುಕೊಂಡೆ. ಹಾಲ್‌ನಲ್ಲಿ ಇಟ್ಟು ಮುಚ್ಚಳ ತೆಗೆದ. ಒಳಗೆ ರೆಕಾರ್ಡ್ ಪ್ಲೇಯರ್! ನೀಲಿ ರೆಕ್ಸಿನ್ ಹೊದಿಕೆ, ಹಿತ್ತಾಳೆ ಬಣ್ಣದ ಕೊಂಡಿ, ಮುಂದುಗಡೆ ಎರಡು ಪುಟ್ಟ ಸ್ಪೀಕರ್. ಆನ್‌ಲೈನ್‌ನಲ್ಲಿ 5,400 ರೂಪಾಯಿಗೆ ತರಿಸಿದ್ದಂತೆ.

"ಮಾವ, ತಾತನ ಪ್ಲೇಟುಗಳು ಇನ್ನೂ ಇವೆ ಅಲ್ವಾ? ಒಂದು ಹಾಕಿ ನೋಡೋಣ್ವಾ?"

ಅವನಿಗೆ ಈಗ 19. ಇಂಜಿನಿಯರಿಂಗ್ ಎರಡನೇ ವರ್ಷ. ನಮ್ಮಪ್ಪ ತೀರಿಕೊಂಡಾಗ ನಾಲ್ಕು ವರ್ಷದ ಮಗು. ತಾತನ ಮುಖವೇ ಅವನಿಗೆ ಸರಿಯಾಗಿ ನೆನಪಿಲ್ಲ. ಪ್ಲೇಟಿನ, ಅಂದರೆ ಗ್ರಾಮಫೋನ್ ರೆಕಾರ್ಡಿನ, ವಿಷಯ ತಾನಾಗಿ ತಾನೇ ಕೇಳಿದನಲ್ಲ ಅಂತ ನನಗೆ ಒಳಗೊಳಗೇ ಖುಷಿಯಾಯಿತು. ಆದರೂ ಆವತ್ತು ಬೇಡ ಅಂದೆ. "ಇರ್ಲಾ, ತಾತನ ಪ್ಲೇಟು ಇದರ ಮ್ಯಾಲೆ ಬ್ಯಾಡ." ಹುಡುಗನ ಮುಖ ಸಣ್ಣದಾಯಿತು. ಯಾಕೆ ಬೇಡ ಅಂದೆ, ಆಮೇಲೆ ನಾವಿಬ್ಬರೂ ಸೇರಿ ಏನೇನು ಮಾಡಿದೆವು ಅನ್ನೋದನ್ನು ಬರೆದಿಡಬೇಕು ಅನ್ನಿಸಿತು. ಇಂಥ ಸೂಟ್‌ಕೇಸ್ ಪ್ಲೇಯರ್ ತಗೊಂಡು, ಮುಂದೇನು ಅಂತ ನೋಡುತ್ತಿರುವ ಹುಡುಗರು ಈಗ ಮೈಸೂರು, ಮಂಡ್ಯದಲ್ಲೂ ಇದ್ದಾರೆ.

ನಾವು ಮಂಡ್ಯದಲ್ಲಿ ಮೈಕ್‌ಸೆಟ್ ಇಟ್ಟವರು. ಅಪ್ಪ 1971ರಲ್ಲಿ ಶುರು ಮಾಡಿದ್ದು. ಎರಡು ಹಾರ್ನ್, ಒಂದು ಆಂಪ್ಲಿಫೈಯರ್, ಒಂದು ಟರ್ನ್‌ಟೇಬಲ್, ಎರಡು ಬ್ಯಾಟರಿ. ಮದುವೆ, ಮಾರಿಹಬ್ಬ, ನಾಟಕ, ಎಲ್ಲಿ ಕರೆದರೆ ಅಲ್ಲಿಗೆ. ಕಾಲುವೆ ಏರಿಯ ಮೇಲೆ ಎತ್ತಿನ ಗಾಡಿಯಲ್ಲಿ ಹೋಗುವಾಗ ಪ್ಲೇಟಿನ ಟ್ರಂಕಿನ ಕೆಳಗೆ ದಪ್ಪಗೆ ಒಣಹುಲ್ಲು ಹಾಸುತ್ತಿದ್ದರು. ನಾನು ಪಕ್ಕದಲ್ಲಿ ಟರ್ನ್‌ಟೇಬಲ್ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಹಾರ್ನನ್ನು ಬೇವಿನ ಮರಕ್ಕೆ ಕಟ್ಟೋದು ಅಪ್ಪನ ಕೆಲಸ, ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳು (ಸೂಜಿ) ಒರೆಸೋದು ನನ್ನದು. ಒಂದು ಪ್ಲೇಟು ಮುಗಿದರೆ ಇನ್ನೊಂದು ಹಾಕೋ ಮೊದಲು ಸಣ್ಣ ಬ್ರಶ್‌ನಲ್ಲಿ ಹಿಂದಿನಿಂದ ಮುಂದಕ್ಕೆ ಒಂದೇ ಸಲ. ಅಡ್ಡಡ್ಡ ಒರೆಸಿದರೆ ತಲೆಗೆ ಒಂದು ಬೀಳುತ್ತಿತ್ತು.

ಕ್ಯಾಸೆಟ್ ಬಂದ ಮೇಲೆ ಪ್ಲೇಟು ಕೇಳುವವರು ಇಲ್ಲವಾದರು. 1992ರಲ್ಲಿ ಗೋಡೌನ್‌ನಲ್ಲಿ ಜಾಗ ಸಾಲದು ಅಂತ ನಾನೇ ಮೂರು ಪೆಟ್ಟಿಗೆ ಪ್ಲೇಟು, ಜೊತೆಗೆ ಆ ಟರ್ನ್‌ಟೇಬಲ್ಲನ್ನು ಗುಜರಿಯವನ ಗಾಡಿಗೆ ಹಾಕಿಬಿಟ್ಟೆ. ಅಪ್ಪ ಬೈಯಲಿಲ್ಲ. ಉಳಿದ ಒಂದು ಟ್ರಂಕನ್ನು ಎಳೆದುಕೊಂಡು ಹೋಗಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು. ಆ ಸದ್ದು, ತಗಡಿನ ಟ್ರಂಕು ರೆಡ್ಆಕ್ಸೈಡ್ ನೆಲದ ಮೇಲೆ ಉಜ್ಜಿದ ಸದ್ದು, ನನಗೆ ಇವತ್ತಿಗೂ ಕೇಳುತ್ತದೆ. ಅದರಲ್ಲಿ ಇರೋದು 64 ಪ್ಲೇಟು. 41 ಇಪಿ (ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ಪ್ಲೇಟು), 12 ಎಲ್‌ಪಿ (33 ಸುತ್ತಿನ ದೊಡ್ಡದು), 11 ಹಳೆಯ 78 (78 ಸುತ್ತಿನದು). ನಮ್ಮನೆಯಲ್ಲಿ ಉಳಿದಿರೋದು ಅಷ್ಟೇ. ಅದಕ್ಕೇ ಬೇಡ ಅಂದಿದ್ದು.

ಅಳಿಯ ತನ್ನದೇ ಒಂದು ಹೊಸ ಎಲ್‌ಪಿ ತಂದಿದ್ದ, ಅದನ್ನು ಹಾಕಿದ. ಪರವಾಗಿಲ್ಲ, ಹಾಡಿತು. ಆದರೆ ಮೃದಂಗ ಜೋರಾಗಿ ಬಂದ ಕಡೆಯೆಲ್ಲ ಮುಳ್ಳು ಹಾರಿ ಮುಂದಕ್ಕೆ ಹೋಗುತ್ತಿತ್ತು. "ಹಾಸ್ಟೆಲ್ ಫ್ರೆಂಡ್ ಒಂದು ಐಡಿಯಾ ಕೊಟ್ಟಿದ್ದಾನೆ" ಅಂತ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಮುಳ್ಳಿನ ಮೇಲ್ಗಡೆ ಇಟ್ಟ. ಹಾರೋದು ನಿಂತಿತು. ನನ್ನ ಎದೆ ಧಸಕ್ ಅಂತು.

ನಮ್ಮ ಬೀದಿಯಲ್ಲಿ ಚಿನ್ನದ ಕೆಲಸದ ಆಚಾರಿ ಒಬ್ಬರಿದ್ದಾರೆ. ಅವರ ಹತ್ತಿರ ಅಂಗೈಯಗಲದ ಪಾಕೆಟ್ ತಕ್ಕಡಿ ಇದೆ, ಗ್ರಾಂನ ನೂರನೇ ಒಂದು ಭಾಗದವರೆಗೂ ತೋರಿಸುತ್ತದೆ. ಹೋಗಿ ತಂದೆ. ಮೊದಲು ಅದು ಸರಿ ಇದೆಯಾ ಅಂತ ನೋಡಬೇಕಲ್ಲ. 2011ರಲ್ಲಿ ಬಂದ ಸಾಲಿನ ₹ ಗುರುತಿನ ಐದು ರೂಪಾಯಿ ನಾಣ್ಯ ಸರಿಯಾಗಿ 6 ಗ್ರಾಂ ಇರುತ್ತದೆ. ಇಟ್ಟು ನೋಡಿದೆ, 5.99 ತೋರಿಸಿತು. ಆಮೇಲೆ ಅದರ ಮೇಲೆ ಮುಳ್ಳು ಇಳಿಸಿದೆ. 5.6 ಗ್ರಾಂ. ಅದೇ ಸಾಲಿನ ಒಂದು ರೂಪಾಯಿ ನಾಣ್ಯ 3.79 ಗ್ರಾಂ. ಎರಡೂ ಸೇರಿದರೆ ಹೆಚ್ಚುಕಡಿಮೆ ಒಂಬತ್ತೂವರೆ! ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳು (ಕಾರ್ಟ್ರಿಜ್ ಅಂದರೆ ಮುಳ್ಳು ಕೂರುವ ಪುಟ್ಟ ಗೂಡು) ಸಾಮಾನ್ಯವಾಗಿ ಒಂದೂವರೆಯಿಂದ ಮೂರೂವರೆ ಗ್ರಾಂ ಒಳಗೆ ಕೆಲಸ ಮಾಡುತ್ತವೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸೂಟ್‌ಕೇಸ್ ಪ್ಲೇಯರ್‌ನಲ್ಲಿ ಒಂದು ಸಲ ಹಾಕಿದ ತಕ್ಷಣ ಪ್ಲೇಟು ಹಾಳಾಗಿಬಿಡುತ್ತದೆ ಅಂತ ಹೆದರಿಸುವವರಿದ್ದಾರೆ. ಅದು ಅತಿ. ಆದರೆ ಇಂಥ ಪೆಟ್ಟಿಗೆಯಲ್ಲಿರುವ ಸೆರಾಮಿಕ್ ಕಾರ್ಟ್ರಿಜ್‌ನ ಮುಳ್ಳು ಬಿರುಸು, ಗೆರೆಯ ತಿರುವಿಗೆ ತಕ್ಕ ಹಾಗೆ ಬೇಗ ಬಾಗುವುದಿಲ್ಲ. ಬಾಗದಿದ್ದರೆ ಉಜ್ಜುತ್ತದೆ. ಅದರ ಮೇಲೆ ತೂಕ ಹೇರಿ, ಅದೇ ಪ್ಲೇಟನ್ನು ಮತ್ತೆ ಮತ್ತೆ ಹಾಕಿದರೆ ಗೆರೆಯ ಸಣ್ಣ ಸಣ್ಣ ಅಂಚುಗಳೇ ಸವೆದು ಹೋಗುತ್ತವೆ. ಹೊಸ ಎಲ್‌ಪಿ ಆದರೆ ಇನ್ನೊಂದು ತರಬಹುದು. ಮಂಚದ ಕೆಳಗಿನ ಟ್ರಂಕಿನದು ಎಲ್ಲಿಂದ ತರೋದು?

ಅವನ ಹತ್ತಿರ ಕೂಡಿಟ್ಟ ದುಡ್ಡು 20,000 ಇತ್ತು. ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಮಾಡಿ ಸಂಪಾದಿಸಿದ್ದು. "ಮಾವ, ಇದಕ್ಕೆ ದೊಡ್ಡ ಸ್ಪೀಕರ್ ತಗೊಂಡು ಬಿಡ್ತೀನಿ, ಆಗ ಸರಿ ಹೋಗುತ್ತೆ" ಅಂದ. ಎಲ್ಲರೂ ಮೊದಲು ಯೋಚಿಸೋದು ಹೀಗೇ. ಬಾವಿಯ ನೀರು ಬಗ್ಗಡವಾಗಿದ್ದರೆ ಹೊಸ ಕೊಡ ತಂದು ಏನು ಬಂತು? ಮಾತಲ್ಲಿ ಹೇಳಿದರೆ ಸಾಲದು ಅಂತ ಮಾಡಿ ತೋರಿಸಿದೆ. ಪೆಟ್ಟಿಗೆಯ ಹಿಂದುಗಡೆ ಕೆಂಪು, ಬಿಳಿ ಎರಡು ತೂತು ಇದ್ದವು. ಅಲ್ಲಿಂದ ನನ್ನ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್‌ಗೆ ವೈರ್ ಎಳೆದು, ಪೆಟ್ಟಿಗೆಯ ಸ್ವಂತ ವಾಲ್ಯೂಮ್ ಪೂರ್ತಿ ಇಳಿಸಿದೆ. ನಾಣ್ಯ ತೆಗೆಸಿದೆ. ಅದೇ ಹಾಡು, ಅದೇ ಮೃದಂಗ. ಈಗ ಒಂದು ಸಲವೂ ಹಾರಲಿಲ್ಲ.

ಹುಡುಗ ಬೆರಗಾದ. ಕಾರಣ ಇಷ್ಟೇ. ಸ್ಪೀಕರ್ ಮತ್ತು ಮುಳ್ಳು ಒಂದೇ ಪೆಟ್ಟಿಗೆಯಲ್ಲಿದ್ದರೆ ಸ್ಪೀಕರಿನ ಅದುರು ಮುಳ್ಳಿಗೆ ಹೋಗುತ್ತದೆ. ಮುಳ್ಳು ಅಲುಗಾಡುತ್ತದೆ, ಹಾರುತ್ತದೆ. ಮೈಕ್‌ಸೆಟ್‌ನವರಿಗೆ ಇದು ಗೊತ್ತಿರೋ ಪಾಠ. ನಾವು ಟರ್ನ್‌ಟೇಬಲ್ಲನ್ನು ಸ್ಪೀಕರ್ ಇರೋ ಮೇಜಿನ ಮೇಲೆ ಯಾವತ್ತೂ ಇಡುತ್ತಿರಲಿಲ್ಲ. ಹೀಗೆ ದುಡ್ಡು ಖರ್ಚಿಲ್ಲದೆ ಮೊದಲ ಮೆಟ್ಟಿಲು ಹತ್ತಿಯಾಯಿತು. ಆದರೆ ದೊಡ್ಡ ಸ್ಪೀಕರಿನಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಹಾಡಿನಲ್ಲಿ ಸ, ಶ, ಚ ಬಂದ ಕಡೆಯೆಲ್ಲ ಬಟ್ಟೆ ಹರಿದ ಹಾಗೆ ಪರ್ ಪರ್ ಅನ್ನುತ್ತಿತ್ತು. ಸಣ್ಣ ಸ್ಪೀಕರಿನಲ್ಲಿ ಮುಚ್ಚಿಹೋಗಿದ್ದು ಈಗ ಬಯಲಾಯಿತು. "ಸ್ಪೀಕರ್ ಅಲ್ಲ ಮಾವ, ಮುಳ್ಳೇ" ಅಂತ ಅವನೇ ಅಂದ. ಅವನ ಬಾಯಲ್ಲೇ ಅದು ಬರಬೇಕಾಗಿತ್ತು.

ಆಂಪ್ಲಿಫೈಯರ್, ಸ್ಪೀಕರ್ ನಾನು ಕೊಡ್ತೀನಿ ಅಂದೆ. ಆಂಪ್ಲಿಫೈಯರ್ ಕಲ್ಕತ್ತೆಯ ಸೊನೊಡೈನ್, ಎಂಬತ್ತರ ದಶಕದ್ದು, ಹಿಂದುಗಡೆ ಫೋನೋ ಅಂತ ಬರೆದ ತೂತು ಇದೆ. ಹಳೆಯ ಆಂಪ್ಲಿಫೈಯರ್ ತಗೊಳ್ಳುವವರು ಈ ಒಂದು ಪದ ಹುಡುಕಿ. ಇದ್ದರೆ ಬೇರೆ ಪ್ರೀಆಂಪ್ (ಮುಳ್ಳಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ದುಡ್ಡು ಉಳಿಯುತ್ತದೆ. ಮ್ಯಾಗ್ನೆಟಿಕ್ ಮುಳ್ಳಿನಿಂದ ಬರೋದು ನಾಲ್ಕೈದು ಮಿಲಿವೋಲ್ಟ್ ಮಾತ್ರ. ಟೇಪ್, ರೇಡಿಯೋ ಥರದವಕ್ಕೆ ಇರುವ ಸಾಮಾನ್ಯ ಆಕ್ಸ್ ತೂತಿಗೆ ಕೆಲವು ನೂರು ಮಿಲಿವೋಲ್ಟ್ ಬೇಕು. ಜೊತೆಗೆ ಪ್ಲೇಟು ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೆದಿರುತ್ತಾರೆ. ಬೇಸನ್ನು ಹಾಗೇ ಬಿಟ್ಟರೆ ಗೆರೆಗಳು ಅಗಲವಾಗಿ ಓಲಾಡಿ ಒಂದು ಮಗ್ಗುಲಲ್ಲಿ ಅಷ್ಟು ಹಾಡು ಹಿಡಿಸುವುದಿಲ್ಲ. ಟ್ರೆಬಲ್ ಏರಿಸಿದರೆ ಕೇಳುವಾಗ ಸರಸರ ಸದ್ದು ಕಡಿಮೆಯಾಗುತ್ತದೆ. 1954ರಿಂದ ಇದಕ್ಕೆ ಆರ್‌ಐಎಎ ಅಂತ ಒಂದು ಲೆಕ್ಕ ಇದೆ. ಫೋನೋ ತೂತು ಆ ಲೆಕ್ಕವನ್ನು ಉಲ್ಟಾ ಮಾಡಿ ಹಾಡನ್ನು ಸರಿಗೆ ತರುತ್ತದೆ. ಮ್ಯಾಗ್ನೆಟಿಕ್ ಮುಳ್ಳನ್ನು ಸುಮ್ನೆ ಆಕ್ಸ್‌ಗೆ ಕೊಟ್ಟರೆ ಹಾಡು ದೂರದ ಊರಿನ ರೇಡಿಯೋ ಥರ ಕೀಚಲಾಗಿ ಕೇಳುತ್ತದೆ.

ಸ್ಪೀಕರ್ ಎರಡು ಗೋಡೌನ್‌ನಲ್ಲಿ ಇದ್ದವು. ಕೋನಿನ ಸುತ್ತ ಇರುವ ಫೋಮ್ ಪುಡಿಯಾಗಿತ್ತು, ಹೊಸದು ಅಂಟಿಸಿದೆ. ಅದು ಒಂದು ಸಂಜೆಯ ಕೆಲಸ.

ಇನ್ನು ಉಳಿದಿದ್ದು ಟರ್ನ್‌ಟೇಬಲ್. ಬೆಂಗಳೂರಿನಲ್ಲಿ ಒಬ್ಬರು ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರು ತಮ್ಮದನ್ನು ಮಾರುತ್ತಿದ್ದಾರೆ ಅಂತ ಅಳಿಯನೇ ಹುಡುಕಿದ. ಹತ್ತು ವರ್ಷ ಹಳೆಯದು, ಬೆಲ್ಟ್‌ನದು, 33, 45, 78 ಮೂರೂ ಸ್ಪೀಡ್. ಮೂರೂ ಇರಲೇಬೇಕು ಅಂತ ನಾನು ಹಟ ಹಿಡಿದಿದ್ದೆ, ಆ 11 ಪ್ಲೇಟುಗಳಿಗಾಗಿ. 12,000 ಹೇಳಿದ್ದರು. ಇಬ್ಬರೂ ಹೋದೆವು.

ಹಳೆಯದು ತಗೊಳ್ಳುವಾಗ ನಾನು ಮೊದಲು ನೋಡೋದು ಕೈಯನ್ನು, ಅಂದರೆ ಟೋನ್ ಆರ್ಮ್. ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಹಿಂದೆ ಮುಂದೆ ಅಲ್ಲಾಡಿಸಬೇಕು. ಬುಡದಲ್ಲಿ ಕಟಕ್ ಅಂದರೆ ಬೇರಿಂಗ್ ಹೋಗಿದೆ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಇದು ಬಿಗಿಯಾಗಿತ್ತು. ಮೇಲೆ ಕೆಳಗೆ, ಆ ಕಡೆ ಈ ಕಡೆ ಉಸಿರಿಗೂ ಅಲ್ಲಾಡುವಷ್ಟು ಸಲೀಸು. ಮುಳ್ಳಿನ ಕಡ್ಡಿಯನ್ನು ಮುಂದಿನಿಂದ ನೋಡಿದೆ, ಒಂದು ಕಡೆಗೆ ವಾಲಿತ್ತು. ಅದನ್ನು ಅವರಿಗೂ ತೋರಿಸಿದೆ. ಒಳ್ಳೆಯ ಜನ, ತಾವಾಗಿಯೇ ಸಾವಿರ ಕಡಿಮೆ ಮಾಡಿದರು. ಹೇಗಿದ್ದರೂ ಮುಳ್ಳು ಹೊಸದು ಹಾಕೋ ಲೆಕ್ಕವೇ ಇತ್ತು.

ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ವಾಪಸ್. ಹೊರಡುವ ಮೊದಲು ಮೇಲಿನ ತಟ್ಟೆ ತೆಗೆದು ಬೇರೆ ಟವಲ್‌ನಲ್ಲಿ ಸುತ್ತಿದೆ, ಹಿಂದಿನ ತೂಕದ ಗುಂಡನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಕೈಯನ್ನು ಅದರ ಕೊಕ್ಕೆಗೆ ದಾರದಿಂದ ಕಟ್ಟಿದೆ. ಇಷ್ಟು ಮಾಡದೆ ಸಾಗಿಸಿದರೆ ದಾರಿಯಲ್ಲೇ ಬೇರಿಂಗ್ ಹೋಗಬಹುದು. ಸೀಟು ಸಿಕ್ಕಿತು. ರಾಮನಗರ ದಾಟುವವರೆಗೆ ನಾನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಆಮೇಲೆ ಅವನು "ಕೊಡಿ ಮಾವ" ಅಂತ ತೆಗೆದುಕೊಂಡು ಮಂಡ್ಯದವರೆಗೂ ಹಿಡಿದುಕೊಂಡ. ಎರಡೂ ಕೈ ಸುತ್ತ ಬಳಸಿ, ಗಲ್ಲ ಮೇಲೆ ಊರಿ. ಗಾಡಿಯಲ್ಲಿ ನಾನು ಹಾಗೇ ಕೂರುತ್ತಿದ್ದೆ.

ಕಾರ್ಟ್ರಿಜ್ ಆಡಿಯೋ ಟೆಕ್ನಿಕಾದ ವಿಎಂ95ಇ ತರಿಸಿದೆವು, ಹಸಿರು ಬಣ್ಣದ್ದು. ಸುಮಾರು 6,000 ಬಿತ್ತು. ಇಡೀ ಖರ್ಚಿನಲ್ಲಿ ಬೆರಳ ತುದಿಯಷ್ಟು ಸಾಮಾನಿಗೆ ಇಷ್ಟು ಕೊಡಬೇಕಾ ಅಂತ ತಂಗಿ ಫೋನಿನಲ್ಲಿ ಕೇಳಿದಳು. ಕೊಡಬೇಕು. ಇದರದ್ದು ಅಂಡಾಕಾರದ ಮುಳ್ಳು, ಗೆರೆಯ ಸಣ್ಣ ತಿರುವಿನಲ್ಲೂ ಕೂರುತ್ತದೆ. ಇನ್ನೊಂದು ಅನುಕೂಲ, ಈ ಸಾಲಿನಲ್ಲಿ ಮುಳ್ಳನ್ನು ಮಾತ್ರ ಎಳೆದು ತೆಗೆದು ಬೇರೆ ಜಾತಿಯದು ಸಿಕ್ಕಿಸಬಹುದು. ನಾಳೆ ದುಡ್ಡು ಬಂದಾಗ ಇನ್ನೂ ಒಳ್ಳೆಯದು ಹಾಕಬಹುದು. 78ಕ್ಕೂ ಬೇರೆ ಮುಳ್ಳು ಸಿಗುತ್ತದೆ.

ಒಂದು ಭಾನುವಾರ ಪೂರ್ತಿ ಕೂರಿಸೋದಕ್ಕೇ ಹೋಯಿತು. ಮಜಾ ಇದ್ದಿದ್ದು ಆ ಭಾನುವಾರದಲ್ಲೇ.

ಮೊದಲು ಟೇಬಲ್ ಮಟ್ಟ. ಗಾರೆ ಕೆಲಸದವರ ಮಟ್ಟಗೋಲು ಇಟ್ಟು ನೋಡಿದೆವು, ಒಂದು ಕಾಲಿನ ಕೆಳಗೆ ಎರಡು ರಟ್ಟಿನ ತುಂಡು ಬೇಕಾಯಿತು. ಆಮೇಲೆ ಸ್ಪೀಡ್. ಇಂಟರ್‌ನೆಟ್‌ನಿಂದ ಗೆರೆಗೆರೆಯ ಒಂದು ದುಂಡನೆಯ ಕಾಗದ ಪ್ರಿಂಟ್ ಹಾಕಿಸಿದ್ದ. ಅದನ್ನು ತಟ್ಟೆಯ ಮೇಲಿಟ್ಟು ತಿರುಗಿಸಿ, ಕರೆಂಟಿನ ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಬೇಕು. ಸ್ಪೀಡ್ ಸರಿ ಇದ್ದರೆ ತಿರುಗುತ್ತಿದ್ದರೂ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಮನೆಯ ಎಲ್‌ಇಡಿ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಗೋಡೌನ್‌ನಲ್ಲಿ ಚೋಕ್ ಇರೋ ಹಳೆಯ ಟ್ಯೂಬ್‌ಲೈಟ್ ಇನ್ನೂ ಇದೆ, ಅದರ ಕೆಳಗೆ ಹೊತ್ತುಕೊಂಡು ಹೋದೆವು.

"ಮಾವ, ಜೋರಾಗಿ ಓಡ್ತಿದೆ" ಅಂತ ಕೆಳಗಿನ ಸ್ಕ್ರೂ ತಿರುಗಿಸುತ್ತಾ ಕೂತ. ಎಷ್ಟು ತಿರುಗಿಸಿದರೂ ಗೆರೆ ನಿಲ್ಲುತ್ತಿಲ್ಲ. ಕಾಲು ಗಂಟೆ ಆದ ಮೇಲೆ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಕಾಗದದಲ್ಲಿ 33ಕ್ಕೆ ಎರಡು ಸುತ್ತು ಇವೆ, ಒಂದು 60 ಹರ್ಟ್ಸ್, ಒಂದು 50 ಹರ್ಟ್ಸ್. ಅಮೆರಿಕದ ಕರೆಂಟು 60, ನಮ್ಮದು 50. ಹುಡುಗ ನೋಡುತ್ತಿದ್ದಿದ್ದು ಅಮೆರಿಕದ ಸುತ್ತನ್ನು. ಅದರಲ್ಲಿ 216 ಗೆರೆ, ನಮ್ಮದರಲ್ಲಿ 180. ನಮ್ಮ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಿಮಿಷಕ್ಕೆ ಆರು ಸಾವಿರ. ಅದನ್ನು ಮೂವತ್ತಮೂರು ಮತ್ತು ಮೂರನೇ ಒಂದರಿಂದ ಭಾಗಿಸಿದರೆ ಸರಿಯಾಗಿ 180. ಲೆಕ್ಕ ಅವನೇ ಕಾಗದದ ಅಂಚಿನಲ್ಲಿ ಹಾಕಿದ. ಒಳಗಿನ ಸುತ್ತು ನೋಡಿಕೊಂಡು ಸ್ಕ್ರೂ ತಿರುಗಿಸಿದ. ಗೆರೆಗಳು ನಿಧಾನವಾಗಿ ತೆವಳಿ, ತೆವಳಿ, ನಿಂತವು. ಇಬ್ಬರೂ ಒಂದು ನಿಮಿಷ ಸುಮ್ನೆ ನೋಡುತ್ತಾ ನಿಂತೆವು.

ಕಾರ್ಟ್ರಿಜ್ ನೇರ ಕೂರಿಸುವುದಕ್ಕೂ ಒಂದು ಕಾಗದದ ಅಳತೆಪಟ್ಟಿ ಬೇಕು. ತಟ್ಟೆಯ ನಡುವಿನಿಂದ 66 ಮಿಲಿಮೀಟರ್ ಮತ್ತು 121 ಮಿಲಿಮೀಟರ್, ಈ ಎರಡು ಜಾಗದಲ್ಲಿ ಮುಳ್ಳಿನ ತಲೆ ಗೆರೆಗೆ ನೇರವಾಗಿ ಇರಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಪ್ರಿಂಟ್ ಕೊಟ್ಟಿದ್ದರು. ಸ್ಟೀಲ್ ಸ್ಕೇಲ್ ಇಟ್ಟರೆ 66 ಇರಬೇಕಾದ ಕಡೆ 63. ಅಂಥ ಪಟ್ಟಿ ನಂಬಿದರೆ ಇಡೀ ಕೆಲಸ ಕೆಟ್ಟಿತು. ಅಳತೆ ನೂರಕ್ಕೆ ನೂರು ಇಟ್ಟು ಮತ್ತೆ ಪ್ರಿಂಟ್ ಹಾಕಿಸಿದ. ಎರಡು ಪುಟ್ಟ ಸ್ಕ್ರೂ, ಕೂದಲೆಳೆಯಷ್ಟು ಹಿಂದೆ ಮುಂದೆ, ಅರ್ಧ ಗಂಟೆ.

ಆಮೇಲೆ ತೂಕ. ಇದನ್ನು ನಾನು ಮುಟ್ಟಲಿಲ್ಲ, ಅವನ ಕೈಯಲ್ಲೇ ಮಾಡಿಸಿದೆ. ಮೊದಲು ಆಂಟಿ ಸ್ಕೇಟಿಂಗ್ (ಕೈ ನಡುವಿನ ಕಡೆಗೆ ಎಳೆದುಕೊಳ್ಳದಂತೆ ತಡೆಯುವ) ಗುಬುಟು ಸೊನ್ನೆಗೆ. ಹಿಂದಿನ ಗುಂಡನ್ನು ತಿರುಗಿಸುತ್ತಾ ಕೈ ತೇಲುವಂತೆ ಮಾಡಬೇಕು. ಜಾಸ್ತಿ ಆದರೆ ಮುಳ್ಳು ಮೇಲಕ್ಕೆ ಹೋಗುತ್ತದೆ, ಕಡಿಮೆ ಆದರೆ ಕೆಳಕ್ಕೆ ಬೀಳುತ್ತದೆ. ತಕ್ಕಡಿ ಕಟ್ಟಿದ ಹಾಗೆ ಮಟ್ಟಸವಾಗಿ ತೇಲಿ ನಿಂತಾಗ ಗುಂಡಿನ ಅಂಕಿಯನ್ನು ಸೊನ್ನೆಗೆ ತಂದು, ಅಲ್ಲಿಂದ ಗುಂಡು ಅಂಕಿ ಎರಡನ್ನೂ ಒಟ್ಟಿಗೆ ತಿರುಗಿಸಿ 2ಕ್ಕೆ ನಿಲ್ಲಿಸಬೇಕು. ಈ ಮುಳ್ಳಿಗೆ 1.8ರಿಂದ 2.2 ಗ್ರಾಂ ಒಳಗೆ ಇರಬೇಕು, 2 ಸರಿಯಾದ್ದು.

ಆಚಾರಿಯ ತಕ್ಕಡಿ ತಂದು ಪರೀಕ್ಷೆ ಮಾಡೋಣ ಅಂತ ಮುಳ್ಳು ಇಳಿಸಿದ. ಇನ್ನೇನು ತಾಗಬೇಕು, ಟಪ್ ಅಂತ ಎಳೆದುಕೊಂಡಿತು. ತಕ್ಕಡಿಯ ತಟ್ಟೆ ಉಕ್ಕಿನದು, ಕಾರ್ಟ್ರಿಜ್ ಒಳಗೆ ಇರೋದು ಆಯಸ್ಕಾಂತ! ಹುಡುಗ ಬಿಳುಚಿಕೊಂಡ. ಕಡ್ಡಿ ಬಗ್ಗಿರಲಿಲ್ಲ, ಪುಣ್ಯ. ತುಪ್ಪದ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳದಿಂದ ಒಂದು ಪಟ್ಟಿ ಕತ್ತರಿಸಿ, ತಕ್ಕಡಿಯ ತಟ್ಟೆಗೆ ಅಂಟಿಸಿ, ಎರಡು ಇಂಚು ಹೊರಗೆ ಚಾಚಿದೆವು. ತಕ್ಕಡಿಯನ್ನು ಮತ್ತೆ ಸೊನ್ನೆ ಮಾಡಿ, ಆ ಪಟ್ಟಿಯ ಮೇಲೆ ಮುಳ್ಳು ಇಳಿಸಿದೆವು. ಪಟ್ಟಿ ಪ್ಲೇಟು ಇರುವಷ್ಟೇ ಎತ್ತರದಲ್ಲಿ ಇರಬೇಕು, ಅದಕ್ಕೆ ದೊಡ್ಡ ತಟ್ಟೆ ತೆಗೆದು ತಕ್ಕಡಿಯ ಕೆಳಗೆ ಹಳೆಯ ಲಗ್ನಪತ್ರಿಕೆ ಜೋಡಿಸಿದೆವು. ಅಂಕಿ 2 ಅಂತ ಇತ್ತು, ತಕ್ಕಡಿ 2.31 ತೋರಿಸಿತು. ಉಗುರಿನಷ್ಟು ಹಿಂದಕ್ಕೆ. 2.14. ಇನ್ನೊಂದು ಚೂರು. 2.02. "ಸಾಕು ಬಿಡ್ಲಾ" ಅಂದೆ. ಅವನಿಗೆ ಸಾಲಲಿಲ್ಲ, 2.00 ಬರುವವರೆಗೂ ಬಿಡಲಿಲ್ಲ. ನಮ್ಮಪ್ಪನ ಹಟ ಅದು, ಎಲ್ಲಿಂದ ಬಂತೋ ಇವನಿಗೆ.

ವೈರ್ ಕೊಟ್ಟು ಆನ್ ಮಾಡಿದಾಗ ಗುಂಯ್ ಅಂತ ಹಮ್. ಟರ್ನ್‌ಟೇಬಲ್‌ನಿಂದ ಬರುವ ತೆಳ್ಳನೆ ಅರ್ಥ್ ವೈರನ್ನು ಆಂಪ್ಲಿಫೈಯರ್ ಹಿಂದಿನ ಸ್ಕ್ರೂಗೆ ಬಿಗಿದೆವು, ನಿಂತಿತು.

ಟ್ರಂಕನ್ನು ಅವನ ಕೈಯಲ್ಲೇ ತೆಗೆಸಿದೆ. ಪ್ಲೇಟುಗಳಿಗೆ ಬೂಷ್ಟು ಹಿಡಿದಿತ್ತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ನಮ್ಮಲ್ಲಿ ಕ್ಯಾನ್‌ಗಟ್ಟಲೆ ಇರುತ್ತದೆ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಮೆತ್ತನೆ ಬ್ರಶ್, ಗೆರೆಯ ದಿಕ್ಕಿನಲ್ಲೇ ಸುತ್ತ. ಆಮೇಲೆ ಬರೀ ನೀರು, ಮೈಕ್ರೋಫೈಬರ್ ಬಟ್ಟೆ. ನಡುವಿನ ಲೇಬಲ್‌ಗೆ ನೀರು ತಾಗಬಾರದು. ತೊಳೆದ ಪ್ಲೇಟುಗಳನ್ನು ಅಡುಗೆ ಮನೆಯ ತಟ್ಟೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆವು, ಒಂದರ ಮೇಲೊಂದು ಮಲಗಿಸಬಾರದು. ಕೆಲವರು ಸ್ಪಿರಿಟ್ ಬೆರೆಸುತ್ತಾರೆ. ವಿನೈಲ್‌ಗೆ ಅದು ನಡೆಯುತ್ತದೇನೋ, ಆದರೆ 78ಕ್ಕೆ ಸ್ಪಿರಿಟ್ ತಾಗಿಸಲೇಬಾರದು. ಅವು ಅರಗಿನವು, ಸ್ಪಿರಿಟ್‌ನಲ್ಲಿ ಕರಗುತ್ತವೆ.

ಮೊದಲು ಯಾವುದು ಅಂತ ಕೇಳಿದ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಎಲ್‌ಪಿ ಕೊಟ್ಟೆ. ಮೈಸೂರಿನ ಹುಡುಗ, ಮೈಸೂರಿನ ವೀಣೆಯಿಂದಲೇ ಶುರು ಮಾಡಲಿ ಅಂತ. ಅಪ್ಪ ಇದನ್ನು ಮದುವೆಯಲ್ಲಿ ಮುಹೂರ್ತಕ್ಕೆ ಮುಂಚೆ, ಜನ ಇನ್ನೂ ಸೇರುತ್ತಿರುವಾಗ ಹಾಕುತ್ತಿದ್ದರು. ಹಾರ್ನಿನಲ್ಲಿ ನಾನು ನೂರಾರು ಸಲ ಕೇಳಿದ್ದೇನೆ. ಹಾರ್ನಿನಲ್ಲಿ ಕೇಳೋದು ಮೀಟು ಮಾತ್ರ. ಈಗ ಮೀಟಿದ ಮೇಲೆ ತಂತಿಯನ್ನು ಎಳೆದು ಸ್ವರ ಏರಿಸುವುದು, ಬೆರಳು ಮೆಟ್ಟಿಲಿನ ಮೇಲೆ ಜಾರುವ ಸಣ್ಣ ಸದ್ದು, ಸ್ವರ ಸಾಯುತ್ತಾ ಸಾಯುತ್ತಾ ಕೊನೆಯವರೆಗೂ ಉಳಿಯೋದು, ಎಲ್ಲ ಕೇಳಿತು. ಹಿಂದುಗಡೆ ತಂಬೂರಿ ಇದೆ ಅಂತ ನನಗೆ ಗೊತ್ತಾಗಿದ್ದು ಆ ಸಂಜೆ. ಐವತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯಲ್ಲೇ ಇದ್ದ ಪ್ಲೇಟು ಅದು. ಅಪ್ಪ ಇದನ್ನು ಹೀಗೆ ಒಂದು ಸಲವೂ ಕೇಳಲಿಲ್ಲ.

ಪ್ಲೇಟಿನ ಕೊನೆಯ ಹಾಡು ಯಾವಾಗಲೂ ಕಷ್ಟದ್ದು. ಎಲ್‌ಪಿಯ ಹೊರ ಅಂಚಿನಲ್ಲಿ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ಒಳಗೆ ಹೋದ ಹಾಗೆ ಸುತ್ತು ಚಿಕ್ಕದು, ಕೊನೆಯಲ್ಲಿ 21 ಸೆಂಟಿಮೀಟರ್ ಅಷ್ಟೇ. ಅದೇ ಹಾಡು ಕಡಿಮೆ ಜಾಗದಲ್ಲಿ ಮುದುಡಿಕೊಂಡು ಕೂತಿರುತ್ತದೆ. ಮುಳ್ಳು ಸೊಟ್ಟಗಿದ್ದರೆ ಅಲ್ಲೇ ಸಿಕ್ಕಿಬೀಳೋದು. ಪಿ.ಬಿ. ಶ್ರೀನಿವಾಸ್ ಹಾಡಿರೋ ಒಂದು ಎಲ್‌ಪಿಯ ಕೊನೆ ಹಾಡು ಹಾಕಿ, ಸ ಬಂದಾಗೆಲ್ಲ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹರಿಯಲಿಲ್ಲ.

ಅಷ್ಟು ಹೊತ್ತಿಗೆ ತಂಗಿಯೂ ಬಂದಿದ್ದಳು. "ಇದೆಲ್ಲ ರಾಜ ಮಹಾರಾಜರ ಶೋಕಿ ಕಣಣ್ಣ, ಓದೋ ಹುಡುಗನಿಗೆ ಯಾಕೆ" ಅಂದಳು. ಮಹಾರಾಜರಿಗೂ ಈ ಹುಚ್ಚು ಇದ್ದಿದ್ದು ನಿಜ. ಜಯಚಾಮರಾಜ ಒಡೆಯರ್ ಅವರು ಲಂಡನ್‌ನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರಿಗೆ ನೆರವಾಗಿ, 1940ರ ದಶಕದ ಕೊನೆಯಲ್ಲಿ ಅವರ ಸಂಗೀತವನ್ನು ಎಚ್‌ಎಂವಿಯ 78 ಪ್ಲೇಟುಗಳಲ್ಲಿ ರೆಕಾರ್ಡ್ ಮಾಡಿಸಿದರು. ಮೆಟ್ನರ್ ತಮ್ಮ ಒಂದು ಕೃತಿಯನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ್ದಾರೆ. ಆದರೆ ಅಂಥದೇ ಅರಗಿನ ಪ್ಲೇಟು, ಅದೇ ನಾಯಿ ಚಿತ್ರದ ಲೇಬಲ್, ನಮ್ಮಪ್ಪನ ಗಾಡಿಯಲ್ಲಿ ಒಣಹುಲ್ಲಿನ ಮೇಲೆ ಕೂತು ಹಳ್ಳಿ ಹಳ್ಳಿ ಸುತ್ತಿತು. ಇದನ್ನು ಹೇಳಿದೆ. ಅವಳು ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಳಿಂಗರಾಯರ ಹಾಡು ಇದೆಯಾ ಅಂತ ಕೇಳಿದಳು. ಇತ್ತು, ಆದರೆ 78ರಲ್ಲಿ. ಹಾಕೋ ಹಾಗಿರಲಿಲ್ಲ.

78ರ ಗೆರೆ ಅಗಲ. ಎಲ್‌ಪಿ ಮುಳ್ಳು ಅದರ ತಳಕ್ಕೆ ಬಿದ್ದು ಕಸ ಕೆದಕುತ್ತದೆ, ಮುಳ್ಳೂ ಕೆಡುತ್ತದೆ. ಅದಕ್ಕೆ ದಪ್ಪ ತುದಿಯ ಮುಳ್ಳು ಬೇಕು, ತೂಕವೂ 5 ಗ್ರಾಂ. ಅಷ್ಟು ಹೊತ್ತಿಗೆ ಅವನ 20,000ದಲ್ಲಿ ಟರ್ನ್‌ಟೇಬಲ್ 11,000, ಕಾರ್ಟ್ರಿಜ್ 6,000, ಹೊಸ ಬೆಲ್ಟ್, ವೈರ್, ಬ್ರಶ್ ಎಲ್ಲ ಸೇರಿ 1,300 ಹೋಗಿತ್ತು. ಉಳಿದ 1,700 ಸಾಲದು. ಮಿಕ್ಕಿದ್ದು ನಾನು ಹಾಕ್ತೀನಿ ಅಂದೆ, ಒಪ್ಪಲಿಲ್ಲ. "ಬೇಡ ಮಾವ, ಮುಂದಿನ ಸ್ಟೈಪೆಂಡ್‌ನಲ್ಲಿ ನಾನೇ ತಗೋತೀನಿ" ಅಂದ. ನಾನೂ ಜೋರು ಮಾಡಲಿಲ್ಲ.

ಎಲ್ಲವನ್ನೂ ಮೈಸೂರಿಗೆ ಸಾಗಿಸಿ ಕುವೆಂಪುನಗರದ ಅವನ ರೂಮಿನಲ್ಲಿ ಜೋಡಿಸಿ ಬಂದೆ. ಟರ್ನ್‌ಟೇಬಲ್ ಗೋಡೆಗೆ ಹೊಡೆದ ಹಲಗೆಯ ಮೇಲೆ, ಸ್ಪೀಕರ್ ಬೇರೆ ಸ್ಟೂಲಿನ ಮೇಲೆ. ಸೂಟ್‌ಕೇಸ್ ಪ್ಲೇಯರ್ ಅವನ ಹತ್ತಿರವೇ ಇದೆ, ಮಾರಬೇಡ ಅಂದಿದ್ದೇನೆ. ಅದರ ಮೇಲೆ ನನಗೆ ಕೋಪವಿಲ್ಲ. ಅದು ಬರದಿದ್ದರೆ ಟ್ರಂಕಿನ ಬೀಗ ತೆಗೆಯುತ್ತಿರಲಿಲ್ಲ.

ಈ ಮುಳ್ಳಿಗೆ ತಯಾರಕರು ಹೇಳೋ ಆಯಸ್ಸು ಸುಮಾರು 300 ಗಂಟೆ. ಒಂದು ಮಗ್ಗುಲು 20 ನಿಮಿಷ ಅಂದರೆ 900 ಮಗ್ಗುಲು. ಹಲಗೆಯ ಪಕ್ಕ ಒಂದು ನೋಟ್‌ಬುಕ್ ನೇತು ಹಾಕಿದ್ದಾನೆ. ದಿನಾಂಕ, ಯಾವ ಪ್ಲೇಟು, ಎಷ್ಟು ನಿಮಿಷ. ಮೊನ್ನೆ ಫೋಟೋ ಕಳಿಸಿದ್ದ, 31 ಗಂಟೆ 40 ನಿಮಿಷ ಆಗಿದೆ. ಕೆಳಗೆ ಕೆಂಪು ಇಂಕಿನಲ್ಲಿ ಇನ್ನೊಂದು ಸಾಲು: 78ರ ಮುಳ್ಳಿಗೆ, 2,400 ಸೇರಿದೆ.

ನಾನು ಆ 11 ಪ್ಲೇಟುಗಳಿಗೆ ಹೊಸ ಕಾಗದದ ಕವರ್ ಮಾಡಿ ಇಟ್ಟಿದ್ದೇನೆ. ಕಾಳಿಂಗರಾಯರದು ಎಲ್ಲಕ್ಕಿಂತ ಮುಂದೆ ಇದೆ. ಯುಗಾದಿಗೆ ಬರ್ತೀನಿ ಅಂದಿದ್ದಾನೆ.